ಅಂಕಪಟ್ಟಿಯ ಆಚೆಗಿನ ಅರ್ಹತೆ: ನರ್ಸಿಂಗ್ ಪದವಿಗೆ ಯಾರು ಯೋಗ್ಯರು?

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ಮರುದಿನದಿಂದಲೇ ನಮ್ಮ ಊರುಗಳಲ್ಲಿ ಒಂದು ಬಗೆಯ ವಿಚಾರಣೆ ಆರಂಭವಾಗುತ್ತದೆ. ವಿಜ್ಞಾನ ವಿಭಾಗದಲ್ಲಿ ತೇರ್ಗಡೆಯಾದ ಮಗಳೋ ಮಗನೋ ಇರುವ ಮನೆಯವರು, ವೈದ್ಯಕೀಯ ಸೀಟು ದೊರೆಯದೆಂದು ಖಚಿತವಾದೊಡನೆ ‘ಹಾಗಾದರೆ ನರ್ಸಿಂಗ್ ಆಗಲಿ’ ಎಂದು ನಿಶ್ಚಯಿಸಿಬಿಡುತ್ತಾರೆ. ಯಾವ ಕಾಲೇಜು ಒಳ್ಳೆಯದು, ಶುಲ್ಕ ಎಷ್ಟು, ವಸತಿನಿಲಯ ಇದೆಯೇ, ಓದು ಮುಗಿದೊಡನೆ ಕೆಲಸ ಸಿಗುವುದೇ, ಹೊರದೇಶಕ್ಕೆ ಹೋಗಲು ಅವಕಾಶ ಉಂಟೇ ಎಂದೆಲ್ಲ ಕೇಳುತ್ತಾರೆ. ಇವು ಅನಗತ್ಯವಾದ ಪ್ರಶ್ನೆಗಳೇನೂ ಅಲ್ಲ. ಆದರೆ ಇವೆಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದು ಹಾಗೆಯೇ ಉಳಿದುಹೋಗುತ್ತದೆ. ರೋಗಿಯ ಬಳಿ ನಿಂತು ಮಾಡಬೇಕಾದ ಈ ಕೆಲಸಕ್ಕೆ ನಮ್ಮ ಮಗು ಒಗ್ಗುವುದೇ? ಆ ಕೆಲಸ ಈ ಮಗುವಿಗೆ ಒಗ್ಗುವುದೇ?

ಈ ಪ್ರಶ್ನೆಯನ್ನು ಯಾರೂ ಕೇಳದಿದ್ದರೆ ಅದರ ನಷ್ಟವನ್ನು ಇಬ್ಬರು ಅನುಭವಿಸುತ್ತಾರೆ. ಒಬ್ಬರು, ನಾಲ್ಕು ವರ್ಷಗಳನ್ನೂ ಮನೆಯವರ ಹಣವನ್ನೂ ವ್ಯಯಿಸಿ, ಮನಸ್ಸಿಲ್ಲದ ಕೆಲಸಕ್ಕೆ ಕಟ್ಟುಬಿದ್ದ ವಿದ್ಯಾರ್ಥಿ. ಇನ್ನೊಬ್ಬರು, ಆ ವಿದ್ಯಾರ್ಥಿಯ ಕೈಗೆ ತಮ್ಮ ದೇಹವನ್ನು ಒಪ್ಪಿಸಿ ಮಲಗಿರುವ ರೋಗಿ. ಬಹುಕಾಲ ಶುಶ್ರೂಷಾ ಬೋಧಕಿಯಾಗಿದ್ದು, ಅನೇಕ ಬಾರಿ ಆಯ್ಕೆ ಸಮಿತಿಯಲ್ಲಿಯೂ ಕುಳಿತವಳಾಗಿ, ನಾನು ಕಂಡುಕೊಂಡದ್ದನ್ನು ಪಾಲಕರ ಮುಂದೆಯೂ ವಿದ್ಯಾಸಂಸ್ಥೆಗಳನ್ನು ನಡೆಸುವ ಹಿರಿಯರ ಮುಂದೆಯೂ ಇಡುವುದು ಈ ಲೇಖನದ ಉದ್ದೇಶ.

ನಿಯಮ ಏನನ್ನು ಕೇಳುತ್ತದೆ?

ನಮ್ಮ ದೇಶದಲ್ಲಿ ನರ್ಸಿಂಗ್ ಶಿಕ್ಷಣದ ಮಟ್ಟವನ್ನು ನಿಗದಿಪಡಿಸುತ್ತ ಬಂದದ್ದು 1947ರ ಕಾಯಿದೆಯ ಅನ್ವಯ ರಚಿತವಾದ ಭಾರತೀಯ ನರ್ಸಿಂಗ್ ಪರಿಷತ್ತು. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷಗಳ ಪದವಿ. ಪರಿಷತ್ತಿನ ಪರಿಷ್ಕೃತ ಪಠ್ಯಕ್ರಮದಲ್ಲಿ ಅದನ್ನು ಎಂಟು ಸೆಮಿಸ್ಟರ್‌ಗಳಾಗಿ ವಿಭಾಗಿಸಲಾಗಿದೆ. ಪ್ರವೇಶ ಬಯಸುವವರು ಆ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿದವರಾಗಿರಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ವಿಷಯಗಳಲ್ಲಿ ಪ್ರತ್ಯೇಕವಾಗಿ ತೇರ್ಗಡೆಯಾಗಿ, ಸಾಮಾನ್ಯ ವರ್ಗದವರು ವಿಜ್ಞಾನ ವಿಷಯಗಳಲ್ಲಿ ಒಟ್ಟು ಶೇ. 45ರಷ್ಟು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಶೇ. 40ರಷ್ಟು ಅಂಕ ಪಡೆದಿರಬೇಕು. ದೇಹಾರೋಗ್ಯದ ಬಗ್ಗೆ ನೋಂದಾಯಿತ ವೈದ್ಯರಿಂದ ಪ್ರಮಾಣಪತ್ರ ತರಬೇಕು.

ಪರಿಷತ್ತಿನ ನಿಯಮಾವಳಿಯಲ್ಲಿ ಪ್ರವೇಶ ಪರೀಕ್ಷೆಯ ಸ್ವರೂಪವನ್ನೂ ಹೇಳಲಾಗಿದೆ. ನೂರು ಅಂಕಗಳ ಆ ಪರೀಕ್ಷೆಯಲ್ಲಿ ಮೂರು ವಿಜ್ಞಾನ ವಿಷಯಗಳಿಗೂ ಇಂಗ್ಲಿಷ್‌ಗೂ ತಲಾ 20 ಅಂಕಗಳಿದ್ದು, ಉಳಿದ 20 ಅಂಕಗಳನ್ನು ‘ಶುಶ್ರೂಷೆಯ ಅಭಿಕ್ಷಮತೆ’ಗೆ, ಎಂದರೆ ಈ ವೃತ್ತಿಗೆ ಬೇಕಾದ ಸಹಜವಾದ ಒಲವು ಮತ್ತು ಸಾಮರ್ಥ್ಯಕ್ಕೆ ಮೀಸಲಿಡಲಾಗಿದೆ. ಅಂಕಪಟ್ಟಿಯಲ್ಲಿ ಕಾಣದ ಗುಣವೊಂದು ಈ ವೃತ್ತಿಗೆ ಬೇಕು ಎಂಬುದನ್ನು ನಿಯಮ ರೂಪಿಸಿದವರೇ ಒಪ್ಪಿದ್ದಾರೆ ಎಂದಾಯಿತು. ಆದರೆ ಕರ್ನಾಟಕದಲ್ಲಿ ವಿದ್ಯಾರ್ಥಿಗಳು ಬರೆಯುವ ಸಿಇಟಿಯ ಪ್ರಶ್ನೆಪತ್ರಿಕೆಗಳು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮತ್ತು ಜೀವಶಾಸ್ತ್ರಗಳವು. ಜೀವಕೋಶದ ರಚನೆಯನ್ನು ಬಲ್ಲರೇ ಎಂದು ಅವು ಪರೀಕ್ಷಿಸುತ್ತವೆ. ನೋವಿನಿಂದ ರೇಗುವ ವೃದ್ಧರ ಮುಂದೆ ಈ ಹುಡುಗಿ ಹೇಗೆ ನಡೆದುಕೊಂಡಾಳು ಎಂಬುದನ್ನು ಪರೀಕ್ಷಿಸುವುದು ಅವುಗಳ ಕೆಲಸವಲ್ಲ. ಆದ್ದರಿಂದ ಆ ಪರೀಕ್ಷೆಯನ್ನು ಮನೆಯಲ್ಲಿ ಪಾಲಕರೂ, ತಮ್ಮ ಪಾಲಿನ ಸೀಟುಗಳನ್ನು ತುಂಬುವಾಗ ಕಾಲೇಜಿನವರೂ ಮಾಡಬೇಕಾಗುತ್ತದೆ.

ಅಂಕವನ್ನು ಹಗುರಾಗಿ ಕಾಣಬಾರದು

ಗುಣದ ಮಾತು ಬಂದೊಡನೆ ‘ಕರುಣೆಯೊಂದಿದ್ದರೆ ಸಾಕು, ಅಂಕ ಏತಕ್ಕೆ?’ ಎನ್ನುವವರಿದ್ದಾರೆ. ಈ ಮಾತು ಕೇಳಲು ಹಿತ, ಆದರೆ ಅಪಾಯಕರ. ಒಂದು ಉದಾಹರಣೆಯನ್ನು ನೋಡೋಣ.

12 ಕಿಲೋ ತೂಕದ ಮಗುವಿಗೆ ಜ್ವರ. ವೈದ್ಯರು ಪ್ಯಾರಾಸಿಟಮಾಲ್ ಔಷಧವನ್ನು ಪ್ರತಿ ಕಿಲೋ ತೂಕಕ್ಕೆ 15 ಮಿಲಿಗ್ರಾಂನಂತೆ ಒಂದು ಸಲಕ್ಕೆ ಕೊಡಲು ಬರೆದಿದ್ದಾರೆ. ಮಗುವಿಗೆ ಬೇಕಾದದ್ದು 180 ಮಿಲಿಗ್ರಾಂ. ಕೈಯಲ್ಲಿರುವ ಸೀಸೆಯ ಪ್ರತಿ 5 ಮಿಲಿಲೀಟರ್‌ನಲ್ಲಿ 120 ಮಿಲಿಗ್ರಾಂ ಔಷಧವಿದ್ದರೆ 7.5 ಮಿಲಿಲೀಟರ್ ಕೊಡಬೇಕು. ಅದೇ ಔಷಧ 5 ಮಿಲಿಲೀಟರ್‌ಗೆ 250 ಮಿಲಿಗ್ರಾಂ ಪ್ರಬಲತೆಯಲ್ಲಿಯೂ ದೊರೆಯುತ್ತದೆ. ಆ ಸೀಸೆಯಿಂದಾದರೆ 3.6 ಮಿಲಿಲೀಟರ್ ಸಾಕು. ಹಣೆಚೀಟಿಯನ್ನು ಓದದೆ, ರೂಢಿಯಂತೆ 7.5 ಮಿಲಿಲೀಟರ್ ಅಳೆದು ಕುಡಿಸಿದರೆ ಮಗುವಿನ ಹೊಟ್ಟೆಗೆ 375 ಮಿಲಿಗ್ರಾಂ, ಎಂದರೆ ಹೇಳಿದ್ದರ ಎರಡು ಪಟ್ಟಿಗಿಂತ ಹೆಚ್ಚು ಔಷಧ ಸೇರುತ್ತದೆ. ಕುಡಿಸಿದವಳ ಮನಸ್ಸಿನಲ್ಲಿ ಎಷ್ಟು ಮಮತೆ ಇದ್ದರೂ ಆ ಲೆಕ್ಕ ಸರಿಯಾಗುವುದಿಲ್ಲ.

ಸಲೈನ್ ಹನಿಯ ಲೆಕ್ಕವೂ ಹೀಗೆಯೇ. 500 ಮಿಲಿಲೀಟರ್ ದ್ರವವನ್ನು 8 ಗಂಟೆಗಳಲ್ಲಿ ಏರಿಸಬೇಕು. ಕೊಳವೆಯ ಜೋಡಣೆ ಒಂದು ಮಿಲಿಲೀಟರ್‌ಗೆ 15 ಹನಿಯದು ಎಂದಾದರೆ ನಿಮಿಷಕ್ಕೆ ಸುಮಾರು 16 ಹನಿ ಬೀಳುವಂತೆ ಹೊಂದಿಸಬೇಕು. ಹೃದಯ ದುರ್ಬಲವಾಗಿರುವ ರೋಗಿಗೆ ಈ ಹನಿಗಳು ಅತಿವೇಗದಲ್ಲಿ ಬಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟಕ್ಕೆ ಕಷ್ಟವಾಗಬಹುದು. ಆದುದರಿಂದ ಗುಣಾಕಾರ, ಭಾಗಾಕಾರ, ದಶಾಂಶ ಇವುಗಳಲ್ಲಿ ಹಿಡಿತ, ಔಷಧದ ಹೆಸರನ್ನು ತಪ್ಪಿಲ್ಲದೆ ಓದಬಲ್ಲಷ್ಟು ಇಂಗ್ಲಿಷ್, ದೇಹಧರ್ಮವನ್ನು ಅರಿಯಲು ಬೇಕಾದಷ್ಟು ಜೀವಶಾಸ್ತ್ರ ಇವು ನರ್ಸಿಂಗ್ ಅಭ್ಯರ್ಥಿಗೆ ಅನಿವಾರ್ಯ. ಅಂಕಗಳು ಈ ಸಿದ್ಧತೆಯನ್ನು ಸೂಚಿಸುತ್ತವೆ. ಆದರೆ ಶೇ. 70 ಅಂಕದವರಿಗಿಂತ ಶೇ. 90 ಅಂಕದವರು ಒಳ್ಳೆಯ ದಾದಿಯರಾಗುವರೆಂದು ಅವು ಹೇಳುವುದಿಲ್ಲ. ಹೊಸ್ತಿಲನ್ನು ದಾಟಲು ಅಂಕ ಬೇಕು. ಒಳಗೆ ಬಂದ ಮೇಲೆ ಬಾಳಲು ಬೇಕಾದವು ಬೇರೆ.

ಹಳೆಯ ಶಾಲೆಯೊಂದರ ಪಾಠ

ಆ ಬೇರೆ ಗುಣಗಳಾವುವು? ಈ ವಿಚಾರ ಆಧುನಿಕ ಶುಶ್ರೂಷಾ ಶಿಕ್ಷಣದಷ್ಟೇ ಹಳೆಯದು. ಕ್ರಿಮಿಯಾ ಯುದ್ಧದ ಸೈನಿಕರ ಆರೈಕೆಯಿಂದ ಪ್ರಖ್ಯಾತರಾದ ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನಲ್ಲಿ ಸಂಗ್ರಹವಾದ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ಅಲ್ಲಿಗೆ ಸೇರಬಯಸುವ ಹೆಣ್ಣುಮಕ್ಕಳು ವಯಸ್ಸು, ಆರೋಗ್ಯ ಮತ್ತು ನಡತೆಯ ಬಗ್ಗೆ ಪ್ರಮಾಣಪತ್ರಗಳನ್ನು ತರಬೇಕಾಗಿತ್ತು. ಸೇರಿದ ಮೇಲೆಯೂ ಪರಿಶೀಲನೆ ನಿಲ್ಲುತ್ತಿರಲಿಲ್ಲ. ಪ್ರತಿಯೊಬ್ಬ ಕಲಿಕಾರ್ಥಿಯ ಬಗ್ಗೆ ಮೇಲ್ವಿಚಾರಕಿಯು ತಿಂಗಳಿಗೊಮ್ಮೆ ಒಂದು ದಾಖಲೆ ತುಂಬುತ್ತಿದ್ದರು. ಅದರ ಒಂದು ಭಾಗದಲ್ಲಿ ಗಾಯ ಕಟ್ಟುವುದು, ಹಾಸಿಗೆ ಹಾಸುವುದು, ರೋಗಿಯನ್ನು ಗಮನಿಸುವುದು ಮುಂತಾದ ಕೌಶಲಗಳು. ಇನ್ನೊಂದು ಭಾಗದಲ್ಲಿ ಸಮಯಪಾಲನೆ, ಶಾಂತತೆ, ನಂಬಿಕಸ್ಥಿಕೆ, ಸ್ವಚ್ಛತೆ ಮುಂತಾದ ಗುಣಗಳು.

ಈ ಪಟ್ಟಿಯಲ್ಲಿ ದೊಡ್ಡ ಮಾತುಗಳಿಲ್ಲ ಎಂಬುದನ್ನು ಗಮನಿಸಬೇಕು. ತ್ಯಾಗ, ಮಹಾಸೇವೆ ಎಂಬ ಪದಗಳ ಬದಲಿಗೆ, ಹೇಳಿದ ಹೊತ್ತಿಗೆ ಬಂದಳೇ, ಸದ್ದಿಲ್ಲದೆ ಕೆಲಸ ಮಾಡಿದಳೇ, ಯಾರೂ ನೋಡದಿರುವಾಗಲೂ ಸರಿಯಾಗಿ ನಡೆದುಕೊಂಡಳೇ ಎಂಬ ಸಾಮಾನ್ಯ ಪ್ರಶ್ನೆಗಳು ಅಲ್ಲಿವೆ. ಗುಣವೆಂಬುದು ಅಳತೆಗೆ ಸಿಗದ ಅಮೂರ್ತ ವಸ್ತುವಲ್ಲ, ಅದು ನಿತ್ಯದ ನಡವಳಿಕೆಯಲ್ಲಿ ಕಣ್ಣಿಗೆ ಕಾಣುವಂಥದು ಎಂಬ ತಿಳಿವಳಿಕೆ ಅದರ ಹಿಂದಿದೆ.

ಎಚ್ಚರಿಕೆಯಾದ ಒಂದು ಘಟನೆ

ಅದೇ ಇಂಗ್ಲೆಂಡ್ ದೇಶ ಒಂದೂವರೆ ಶತಮಾನದ ತರುವಾಯ ಈ ಪಾಠವನ್ನು ಮತ್ತೊಮ್ಮೆ ಕಹಿಯಾಗಿ ಕಲಿಯಬೇಕಾಯಿತು. ಸ್ಟ್ಯಾಫರ್ಡ್ ಎಂಬ ಊರಿನ ಆಸ್ಪತ್ರೆಯಲ್ಲಿ 2005ರಿಂದ 2009ರವರೆಗಿನ ಅವಧಿಯಲ್ಲಿ ರೋಗಿಗಳು ಅನುಭವಿಸಿದ ಅಲಕ್ಷ್ಯದ ಬಗ್ಗೆ ರಾಬರ್ಟ್ ಫ್ರಾನ್ಸಿಸ್ ಅವರ ನೇತೃತ್ವದಲ್ಲಿ ಸಾರ್ವಜನಿಕ ವಿಚಾರಣೆ ನಡೆದು, 2013ರ ಫೆಬ್ರವರಿಯಲ್ಲಿ ವರದಿ ಹೊರಬಂದಿತು. ಕೈಗೆಟಕುವಂತೆ ನೀರು ಇಡದಿದ್ದುದು, ಮಲಮೂತ್ರದಿಂದ ಮಲಿನವಾದ ಹಾಸಿಗೆಯಲ್ಲಿಯೇ ರೋಗಿಗಳನ್ನು ಬಿಟ್ಟಿದ್ದುದು, ಶೌಚಕ್ಕೆ ಕರೆದೊಯ್ಯಲು ಯಾರೂ ಬಾರದಿದ್ದುದು ಮುಂತಾದ ಸಂಗತಿಗಳು ಬೆಳಕಿಗೆ ಬಂದವು. ಯಂತ್ರೋಪಕರಣಕ್ಕೆ ಬಡತನವಿಲ್ಲದ ದೇಶದಲ್ಲಿ ಬಾಯಾರಿದವರಿಗೆ ನೀರು ಸಿಗದೆ ಹೋದುದು ಎಲ್ಲರನ್ನೂ ತಲೆತಗ್ಗಿಸುವಂತೆ ಮಾಡಿತು.

ಆ ವರದಿಯ 290 ಶಿಫಾರಸುಗಳಲ್ಲಿ ನರ್ಸಿಂಗ್ ಶಿಕ್ಷಣಕ್ಕೆ ಸಂಬಂಧಿಸಿದ ಎರಡು ನಮಗೆ ಇಲ್ಲಿ ಮುಖ್ಯ. ಅಭ್ಯರ್ಥಿಗಳಲ್ಲಿ ಆರೈಕೆ ಮತ್ತು ಕರುಣೆಯ ಬಗೆಗಿನ ಮನೋಭಾವವನ್ನು ಪ್ರವೇಶದ ಹಂತದಲ್ಲಿಯೇ ಪರೀಕ್ಷಿಸಬೇಕು ಎಂಬುದು ಒಂದು. ವಿದ್ಯಾರ್ಥಿಗಳು ಅನುಭವಿ ದಾದಿಯರ ಮೇಲ್ವಿಚಾರಣೆಯಲ್ಲಿ ಕನಿಷ್ಠ ಮೂರು ತಿಂಗಳು ರೋಗಿಗಳ ನೇರ ಆರೈಕೆಯಲ್ಲಿ ತೊಡಗಬೇಕು ಎಂಬುದು ಇನ್ನೊಂದು. ಅನಂತರದ ವರ್ಷಗಳಲ್ಲಿ ಅಲ್ಲಿಯ ವಿಶ್ವವಿದ್ಯಾಲಯಗಳು ಅಂಕಗಳ ಜೊತೆಗೆ ಅಭ್ಯರ್ಥಿಯ ಮೌಲ್ಯಗಳನ್ನೂ ಪರಿಶೀಲಿಸಿ ಆಯ್ಕೆ ಮಾಡುವ ಪದ್ಧತಿಯನ್ನು ಅಳವಡಿಸಿಕೊಂಡವು.

ಇಲ್ಲಿ ಒಂದು ಸತ್ಯವನ್ನು ಮರೆಮಾಚಬಾರದು. ಆ ಆಸ್ಪತ್ರೆಯಲ್ಲಿ ಸಿಬ್ಬಂದಿಯ ಕೊರತೆಯೂ ಇತ್ತು, ಖರ್ಚು ತಗ್ಗಿಸುವ ಒತ್ತಡವೂ ಇತ್ತು ಎಂದು ಅದೇ ವಿಚಾರಣೆ ಹೇಳಿತು. ಎಷ್ಟೇ ಒಳ್ಳೆಯವರನ್ನು ಆರಿಸಿದರೂ, ಹತ್ತು ಜನ ಮಾಡಬೇಕಾದ ಕೆಲಸವನ್ನು ಮೂವರ ಮೇಲೆ ಹೊರಿಸಿದರೆ ಅವರ ಮನಸ್ಸೂ ಕಲ್ಲಾಗುತ್ತದೆ. ಸರಿಯಾದ ಆಯ್ಕೆಯಿಂದ ಎಲ್ಲವೂ ಸರಿಹೋಗುವುದಿಲ್ಲ; ಆದರೆ ಆಯ್ಕೆಯೇ ತಪ್ಪಿದರೆ ಮುಂದಿನ ಯಾವ ತಿದ್ದುಪಡಿಯೂ ಸುಲಭವಲ್ಲ.

ನಾವು ಮಾಡಿದ ತಪ್ಪು

ನಾನು ಆಯ್ಕೆ ಸಮಿತಿಯಲ್ಲಿದ್ದ ಒಂದು ವರ್ಷದ ಮಾತು. ಒಂದೇ ಸೀಟು ಉಳಿದಿತ್ತು, ಇಬ್ಬರು ಹುಡುಗಿಯರು ಸಂದರ್ಶನಕ್ಕೆ ಬಂದಿದ್ದರು. ನಾವು ಮೂವರು ಒಟ್ಟಿಗೆ ಕುಳಿತು ಪ್ರತಿಯೊಬ್ಬರಿಗೂ ಐದು ನಿಮಿಷ ಕೊಟ್ಟೆವು. ‘ನರ್ಸಿಂಗನ್ನೇ ಏಕೆ ಆರಿಸಿಕೊಂಡೆ?’ ಎಂಬುದು ನಮ್ಮ ಮುಖ್ಯ ಪ್ರಶ್ನೆ. ಮೊದಲ ಹುಡುಗಿ ಮನುಕುಲದ ಸೇವೆಯ ಬಗ್ಗೆ ಒಳ್ಳೆಯ ಇಂಗ್ಲಿಷಿನಲ್ಲಿ ತಡವರಿಸದೆ ಮಾತನಾಡಿದಳು. ಎರಡನೆಯವಳು, ‘ನಮ್ಮ ಅಜ್ಜಿ ಎರಡು ವರ್ಷ ಹಾಸಿಗೆ ಹಿಡಿದಿದ್ದರು ಮೇಡಂ’ ಎಂದು ಹೇಳಿ ತಲೆತಗ್ಗಿಸಿ ಸುಮ್ಮನಾದಳು. ಆ ಎರಡು ವರ್ಷಗಳಲ್ಲಿ ನೀನು ಏನು ಮಾಡಿದೆ ಎಂದು ನಾವು ಯಾರೂ ಕೇಳಲಿಲ್ಲ. ಮೊದಲನೆಯವಳಿಗೆ ಸೀಟು ಕೊಟ್ಟು ಎರಡನೆಯವಳ ಹೆಸರನ್ನು ಕಾಯುವ ಪಟ್ಟಿಗೆ ಸೇರಿಸಿದೆವು. ಆಮೇಲೆ ಬೇರೊಬ್ಬ ವಿದ್ಯಾರ್ಥಿನಿ ಸೀಟು ಬಿಟ್ಟುದರಿಂದ ಅವಳಿಗೂ ಪ್ರವೇಶ ದೊರೆಯಿತು.

ವಾರ್ಡಿನ ತರಬೇತಿ ಆರಂಭವಾದ ಮೇಲೆ ಮೊದಲ ಹುಡುಗಿ ದಿನದಿನಕ್ಕೆ ಬಾಡತೊಡಗಿದಳು. ಕೀವಿನ ವಾಸನೆ, ವಾಂತಿ, ರೋಗಿಯ ಕಡೆಯವರ ಕೂಗಾಟ ಯಾವುದನ್ನೂ ಅವಳಿಗೆ ಸಹಿಸಲಾಗಲಿಲ್ಲ. ವಸತಿನಿಲಯದಲ್ಲಿ ರಾತ್ರಿಯೆಲ್ಲ ಅಳುತ್ತಾಳೆಂದು ಗೆಳತಿಯರು ಹೇಳಿದರು. ನಾನು ಕರೆದು ಮಾತನಾಡಿಸಿದಾಗ, ಆಸ್ಪತ್ರೆಯ ವಾರ್ಡನ್ನು ತಾನು ಅದುವರೆಗೆ ಒಳಹೊಕ್ಕು ನೋಡಿಯೇ ಇರಲಿಲ್ಲವೆಂದೂ, ಸಂದರ್ಶನದ ಉತ್ತರವನ್ನು ಕಂಠಪಾಠ ಮಾಡಿಸಲಾಗಿತ್ತೆಂದೂ ಹೇಳಿದಳು. ಎರಡನೆಯ ವರ್ಷದಲ್ಲಿ ಓದನ್ನು ಬಿಟ್ಟು ಹೋದಳು. ಅವಳ ತಂದೆ ಹೊಲ ಅಡವಿಟ್ಟು ಶುಲ್ಕ ಕಟ್ಟಿದ್ದರು. ತಪ್ಪು ಆ ಹುಡುಗಿಯದಲ್ಲ, ಕೇಳಬೇಕಾದುದನ್ನು ಕೇಳದೆ ಆರಿಸಿದ ನಮ್ಮದು.

ಎರಡನೆಯ ಹುಡುಗಿಯನ್ನು ನಾನು ಮೊದಲು ಸರಿಯಾಗಿ ಗಮನಿಸಿದ್ದು ಮಹಿಳಾ ವಾರ್ಡಿನಲ್ಲಿ. ವೃದ್ಧೆಯೊಬ್ಬರಿಗೆ ಬೆಡ್‌ಪ್ಯಾನ್ ಇಡುವ ಮುನ್ನ ಅವಳು ಯಾರೂ ಹೇಳದೆಯೇ ಪರದೆಯನ್ನು ಎಳೆದಳು. ‘ಇದನ್ನು ಯಾರು ಕಲಿಸಿದರು?’ ಎಂದು ಕೇಳಿದೆ. ‘ನಮ್ಮ ಅಜ್ಜಿಗೆ ನಾಚಿಕೆಯಾಗುತ್ತಿತ್ತು ಮೇಡಂ’ ಎಂದಳು. ಆದರೆ ಅವಳಿಗೂ ಎಲ್ಲವೂ ಸುಲಭವಾಗಿರಲಿಲ್ಲ. ಹನಿಗಳ ಲೆಕ್ಕದಲ್ಲಿ ಪದೇಪದೇ ಎಡವುತ್ತಿದ್ದಳು; ಮೂರು ತಿಂಗಳು ಸಂಜೆ ಕೂರಿಸಿಕೊಂಡು ಕಲಿಸಬೇಕಾಯಿತು. ಕಲಿತಳು. ಲೆಕ್ಕವನ್ನು ಸಂಜೆಯ ಪಾಠದಲ್ಲಿ ಕಲಿಸಬಹುದು. ಆ ಪರದೆ ಎಳೆಯುವ ಮನಸ್ಸನ್ನು ಹದಿನೆಂಟರ ವಯಸ್ಸಿನಲ್ಲಿ ಹೊಸದಾಗಿ ಹುಟ್ಟಿಸುವುದು ಕಷ್ಟ.

ಇದರಿಂದ ಚೆನ್ನಾಗಿ ಮಾತನಾಡುವವರೆಲ್ಲ ಅಯೋಗ್ಯರು, ಮೌನಿಗಳೆಲ್ಲ ಯೋಗ್ಯರು ಎಂದು ತಿಳಿಯಬಾರದು. ಮಾತೂ ಚೆನ್ನಾಗಿ, ಕೈಯೂ ಮೃದುವಾಗಿದ್ದ ಎಷ್ಟೋ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಐದು ನಿಮಿಷದ ಮಾತುಕತೆ ಮಾತಿನ ಶಕ್ತಿಯನ್ನು ಮಾತ್ರ ಅಳೆಯುತ್ತದೆ ಎಂಬುದಷ್ಟೇ ಇಲ್ಲಿಯ ಪಾಠ.

ಹಾಗಾದರೆ ಹೇಗೆ ಕೇಳಬೇಕು?

ಕೆನಡಾ ದೇಶದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ ಈ ಶತಮಾನದ ಆರಂಭದಲ್ಲಿ ವೈದ್ಯಕೀಯ ಪ್ರವೇಶಕ್ಕಾಗಿ ಒಂದು ಕ್ರಮವನ್ನು ರೂಪಿಸಿತು. ಒಂದು ದೀರ್ಘ ಸಂದರ್ಶನದ ಬದಲಿಗೆ ಹಲವು ಕಿರು ಸಂದರ್ಶನಗಳು. ಅಭ್ಯರ್ಥಿಯು ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗುತ್ತಾನೆ. ಪ್ರತಿಯೊಂದು ಮೇಜಿನಲ್ಲಿಯೂ ಬೇರೆ ಸನ್ನಿವೇಶ, ಬೇರೆ ಪರೀಕ್ಷಕರು. ಒಬ್ಬರ ಮೆಚ್ಚುಗೆ ಅಥವಾ ಬೇಸರವು ಇಡೀ ಫಲಿತಾಂಶವನ್ನು ನಿರ್ಧರಿಸದಿರಲಿ ಎಂಬುದು ಇದರ ತತ್ತ್ವ. ಅನೇಕ ನರ್ಸಿಂಗ್ ಶಿಕ್ಷಣ ಸಂಸ್ಥೆಗಳೂ ಇದನ್ನು ಅನುಸರಿಸಿವೆ. ಇದಕ್ಕೆ ದುಬಾರಿ ಸಲಕರಣೆ ಬೇಡ. ನಾಲ್ಕು ಕೋಣೆ, ನಾಲ್ವರು ಬೋಧಕರು, ಒಂದು ಗಡಿಯಾರ ಇದ್ದರೆ ನಮ್ಮ ಯಾವ ಕಾಲೇಜಿನಲ್ಲಿಯೂ ನಡೆಸಬಹುದು.

ನಾವು ಅನಂತರದ ವರ್ಷಗಳಲ್ಲಿ ಬಳಸಿದ ಕೆಲವು ಸನ್ನಿವೇಶಗಳು ಹೀಗಿವೆ:

ಒಂದು: ಊಟ ಬೇಡವೆಂದು ತಟ್ಟೆ ತಳ್ಳುವ ವೃದ್ಧರ ಪಾತ್ರವನ್ನು ಒಬ್ಬ ಬೋಧಕರು ವಹಿಸುತ್ತಾರೆ. ಅಭ್ಯರ್ಥಿ ಅವರೊಡನೆ ಮಾತನಾಡಬೇಕು. ಉಪದೇಶ ಆರಂಭಿಸುತ್ತಾಳೆಯೇ, ಅಥವಾ ಹತ್ತಿರ ಕುಳಿತು ‘ಏಕೆ ಬೇಡ ಅಜ್ಜ?’ ಎಂದು ಕೇಳಿ ಉತ್ತರಕ್ಕೆ ಕಾಯುತ್ತಾಳೆಯೇ ಎಂಬುದನ್ನು ನೋಡುತ್ತೇವೆ.

ಎರಡು: ‘ಸಹಪಾಠಿಯೊಬ್ಬಳು ರಕ್ತದೊತ್ತಡವನ್ನು ಅಳೆಯದೆಯೇ ನಿನ್ನೆಯ ಸಂಖ್ಯೆಯನ್ನೇ ಇಂದೂ ಬರೆಯುತ್ತಿದ್ದಾಳೆ. ಅವಳು ನಿನ್ನ ಆಪ್ತ ಗೆಳತಿ. ಏನು ಮಾಡುತ್ತೀಯ?’

ಮೂರು: ‘ನೀನು ಒಬ್ಬರ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಟ್ಟೆ. ಯಾರೂ ನೋಡಲಿಲ್ಲ, ರೋಗಿಗೂ ಏನೂ ಆದಂತಿಲ್ಲ. ಮುಂದೇನು?’ ಕೂಡಲೇ ಹಿರಿಯರಿಗೆ ತಿಳಿಸುವೆ ಎಂಬ ಉತ್ತರ ಎಲ್ಲರಿಂದಲೂ ಬರಬಹುದು. ‘ತಿಳಿಸಿದರೆ ಬೈಗುಳ ಖಚಿತ, ಆಗಲೂ?’ ಎಂದು ಮತ್ತೊಮ್ಮೆ ಕೇಳಿದಾಗ ಮುಖದಲ್ಲಿ ಮೂಡುವ ಪ್ರಾಮಾಣಿಕವಾದ ಅಳುಕು, ಅದರ ನಂತರದ ಮಾತು ಹೆಚ್ಚು ತಿಳಿಸುತ್ತವೆ.

ನಾಲ್ಕು: ಒಂದು ಔಷಧದ ಹಣೆಚೀಟಿಯನ್ನು ಓದಿ ಚಿಕ್ಕದೊಂದು ಲೆಕ್ಕವನ್ನು ಮಾಡುವುದು. ಉತ್ತರ ಸಂದೇಹವೆನಿಸಿದರೆ ಮತ್ತೊಮ್ಮೆ ಲೆಕ್ಕ ನೋಡುತ್ತಾಳೆಯೇ ಎಂಬುದೂ ಗಣನೆಗೆ ಬರುತ್ತದೆ.

ಐದು: ‘ನಿನಗೆ ಅಸಹ್ಯವೆನಿಸಿದರೂ ಮಾಡಿ ಮುಗಿಸಿದ ಒಂದು ಕೆಲಸದ ಬಗ್ಗೆ ಹೇಳು.’ ಅಸಹ್ಯವೇ ಆಗುವುದಿಲ್ಲ ಎನ್ನುವವರಿಗಿಂತ, ಆದದ್ದನ್ನು ಒಪ್ಪಿ ಅದನ್ನು ಹೇಗೆ ದಾಟಿದೆನೆಂದು ಹೇಳುವವರನ್ನು ನಂಬಬಹುದು.

ಪ್ರತಿಯೊಂದು ಸನ್ನಿವೇಶಕ್ಕೂ ಯಾವ ನಡವಳಿಕೆಗೆ ಎಷ್ಟು ಅಂಕ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಪರೀಕ್ಷಕರು ಪರಸ್ಪರ ಚರ್ಚಿಸದೆ ಅಂಕ ಕೊಟ್ಟು, ಕೊನೆಯಲ್ಲಿ ಕೂಡಿಸಬೇಕು. ಉತ್ತರವನ್ನು ಕನ್ನಡದಲ್ಲಿಯೇ ಹೇಳಲು ಅವಕಾಶವಿರಬೇಕು. ಓದಿಗೆ ಬೇಕಾದ ಇಂಗ್ಲಿಷನ್ನು ಬೇರೆಯಾಗಿ ಪರೀಕ್ಷಿಸಬಹುದು. ಬಣ್ಣ, ಉಡುಪು, ಮನೆತನ, ಜಾತಿ, ಮದುವೆಯ ವಿಚಾರ ಇವಾವುವೂ ಕೇಳತಕ್ಕವಲ್ಲ. ಗಂಡುಮಕ್ಕಳನ್ನು ‘ಇದು ಹೆಂಗಸರ ಕೆಲಸವಲ್ಲವೇ?’ ಎಂದು ಕೆಣಕುವ ಅಭ್ಯಾಸವನ್ನೂ ಬಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಒಂದು ಪರೀಕ್ಷೆಯೂ ಮನುಷ್ಯನ ಅಂತಃಕರಣವನ್ನು ಪೂರ್ತಿಯಾಗಿ ಅಳೆಯಲಾರದು ಎಂಬ ವಿನಯ ಪರೀಕ್ಷಕರಲ್ಲಿರಬೇಕು. ಈ ಕ್ರಮದಿಂದ ತಪ್ಪು ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಮನೆಯಲ್ಲಿ ನಡೆಯಬೇಕಾದ ಆಯ್ಕೆ

ಕಾಲೇಜಿಗೆ ಐದು ನಿಮಿಷ ಸಿಗುತ್ತದೆ. ಪಾಲಕರಿಗೆ ಹದಿನೇಳು ವರ್ಷ ಸಿಕ್ಕಿರುತ್ತವೆ. ಆದುದರಿಂದ ಮೊದಲ ಆಯ್ಕೆ ಸಮಿತಿ ಮನೆಯೇ. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದಾಗ ಈ ಮಗು ಹತ್ತಿರ ಸುಳಿಯುತ್ತದೆಯೇ, ದೂರ ಸರಿಯುತ್ತದೆಯೇ? ಹೇಳಿದ ಕೆಲಸವನ್ನು ಯಾರೂ ನೋಡದಿದ್ದರೂ ಪೂರ್ತಿ ಮಾಡುತ್ತದೆಯೇ? ತಪ್ಪಾದಾಗ ಒಪ್ಪಿಕೊಳ್ಳುತ್ತದೆಯೇ? ಬೈದವರ ಮೇಲೆ ಮರುಗಳಿಗೆಯೇ ಸಿಡಿಯುತ್ತದೆಯೇ, ತಾಳಿಕೊಳ್ಳುತ್ತದೆಯೇ? ಕೈಕಾಲು, ಬಟ್ಟೆ, ತನ್ನ ವಸ್ತುಗಳನ್ನು ಸ್ವಚ್ಛವಾಗಿ ಇಟ್ಟುಕೊಳ್ಳುತ್ತದೆಯೇ? ಈ ಪ್ರಶ್ನೆಗಳಿಗೆ ಪಾಲಕರು ಪ್ರಾಮಾಣಿಕವಾಗಿ ಉತ್ತರಿಸಿಕೊಂಡರೆ ಅರ್ಧ ನಿರ್ಣಯ ಆದಂತೆಯೇ.

ಇನ್ನರ್ಧಕ್ಕೆ ಮಗುವಿನ ಮಾತನ್ನೇ ಕೇಳಬೇಕು. ಅರ್ಜಿ ತುಂಬುವ ಮುನ್ನ ಪರಿಚಯದ ದಾದಿಯೊಬ್ಬರೊಡನೆ ಒಂದು ಗಂಟೆ ಮಾತನಾಡಲು ಬಿಡಿ. ರಾತ್ರಿ ಪಾಳಿ ಹೇಗಿರುತ್ತದೆ, ಹಬ್ಬದ ದಿನ ಕೆಲಸವಿದ್ದರೆ ಹೇಗೆನಿಸುತ್ತದೆ, ಆರೈಕೆ ಮಾಡಿದ ರೋಗಿ ತೀರಿಕೊಂಡಾಗ ಮನೆಗೆ ಹೇಗೆ ಹಿಂದಿರುಗುತ್ತೀರಿ ಎಂದು ಅವರನ್ನು ಕೇಳಲಿ. ಅನುಮತಿ ದೊರೆತರೆ ಆಸ್ಪತ್ರೆಯ ವಾರ್ಡಿನಲ್ಲಿ ಒಂದು ದಿನ ಕಳೆಯಲಿ. ಸಂಸ್ಥೆಗಳನ್ನು ನಡೆಸುವವರು ಪ್ರವೇಶಕ್ಕೆ ಮೊದಲು ಇಂತಹ ಪರಿಚಯ ದಿನವೊಂದನ್ನು ಏರ್ಪಡಿಸಿದರೆ, ಹಿಂದೆ ಹೇಳಿದ ಹುಡುಗಿಯಂತಹವರ ಕಣ್ಣೀರೂ, ಅವರ ತಂದೆಯಂತಹವರ ಹೊಲವೂ ಉಳಿಯುತ್ತವೆ.

ದೇಹಾರೋಗ್ಯದ ಕಡೆಗೂ ಗಮನವಿರಲಿ. ಗಂಟೆಗಟ್ಟಲೆ ನಿಲ್ಲುವುದು, ರೋಗಿಯನ್ನು ಎತ್ತಿ ಹೊರಳಿಸುವುದು, ನಿದ್ರೆಗೆಡುವುದು ಈ ವೃತ್ತಿಯಲ್ಲಿ ಸಾಮಾನ್ಯ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ವ್ಯಾಪಕವಾಗಿದೆ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಓದು ಆರಂಭವಾಗುವ ಮೊದಲೇ ವೈದ್ಯರ ಸಲಹೆಯಂತೆ ಚಿಕಿತ್ಸೆ ಪಡೆಯಬೇಕು. ಕಣ್ಣಿನ ಪರೀಕ್ಷೆಯೂ ಆಗಲಿ. ರಕ್ತ ಮತ್ತು ಸೂಜಿಗಳೊಡನೆ ಕೆಲಸವಿರುವುದರಿಂದ ಹೆಪಟೈಟಿಸ್ ಬಿ ಲಸಿಕೆಯ ಮೂರು ಸುತ್ತುಗಳನ್ನು ಪೂರೈಸಿಕೊಳ್ಳುವುದು ಅಗತ್ಯ. ಮೊದಲ ಸುತ್ತಿನ ಒಂದು ತಿಂಗಳ ನಂತರ ಎರಡನೆಯದು, ಆರು ತಿಂಗಳ ನಂತರ ಮೂರನೆಯದು. ಇವೆಲ್ಲ ತಿದ್ದಿಕೊಳ್ಳಬಹುದಾದ ಸಂಗತಿಗಳು. ಇವುಗಳ ನೆಪದಲ್ಲಿ ಯೋಗ್ಯ ಅಭ್ಯರ್ಥಿಯನ್ನು ಹಿಂದೆ ತಳ್ಳಬಾರದು.

ಒಗ್ಗದವರ ಬಗ್ಗೆ ಎರಡು ಮಾತು

ವಿಚಾರ ಮಾಡಿದ ಮೇಲೆ ‘ಈ ಕೆಲಸ ನನಗೆ ಆಗದು’ ಎಂದು ಮಗು ಹೇಳಿದರೆ ಅದನ್ನು ಸೋಲೆಂದು ಕಾಣಬೇಡಿ. ರೋಗಿಯ ಹಾಸಿಗೆಯ ಪಕ್ಕ ನಿಲ್ಲಲಾರದವರು ಪ್ರಯೋಗಾಲಯದಲ್ಲಿ, ಔಷಧಶಾಸ್ತ್ರದಲ್ಲಿ, ಆಸ್ಪತ್ರೆಯ ಆಡಳಿತದಲ್ಲಿ ಅಷ್ಟೇ ಉಪಯುಕ್ತವಾದ ಕೆಲಸ ಮಾಡಬಲ್ಲರು. ಇದಕ್ಕೆ ವಿರುದ್ಧವಾಗಿ, ಒಲವಿದ್ದೂ ವಿಜ್ಞಾನ ಓದಿರದ ಅಥವಾ ಪದವಿಗೆ ಬೇಕಾದ ಅಂಕ ದೊರೆಯದ ಮಕ್ಕಳಿಗೆ ಮೂರು ವರ್ಷಗಳ ಜಿಎನ್‌ಎಂ ಡಿಪ್ಲೊಮಾ ಇದೆ. ಇಂಗ್ಲಿಷ್ ಸಹಿತ ಹನ್ನೆರಡನೆಯ ತರಗತಿಯಲ್ಲಿ ಶೇ. 40 ಅಂಕ ಪಡೆದ ಕಲಾ, ವಾಣಿಜ್ಯ ವಿಭಾಗದವರೂ ಅದಕ್ಕೆ ಅರ್ಹರು. ಅದನ್ನು ಮುಗಿಸಿದವರು ಮುಂದೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಓದಿ ಪದವೀಧರರಾಗಬಹುದು. ದಾರಿ ತುಸು ಉದ್ದವಾದರೂ ಸೇರುವ ಊರು ಅದೇ. ಯಾವ ದಾರಿ ಹಿಡಿದರೂ ಕಾಲೇಜಿಗೆ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ, ಕಲಿಕೆಗೆ ರೋಗಿಗಳಿರುವ ಆಸ್ಪತ್ರೆ ಇದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ವಿಚಾರಿಸಿಕೊಳ್ಳಬೇಕು.

ನಾವೆಲ್ಲರೂ ಒಂದಿಲ್ಲೊಂದು ದಿನ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗುವವರೇ. ಅಂದು ನಮ್ಮ ಬಳಿ ಬಂದು ನಾಡಿ ಹಿಡಿಯುವವರು ಇಂದು ಯಾವುದೋ ಮನೆಯಲ್ಲಿ ಅರ್ಜಿ ತುಂಬುತ್ತಿದ್ದಾರೆ. ಈ ವರ್ಷ ನಿಮ್ಮ ಮನೆಯಲ್ಲಿ ಅಂತಹ ಅರ್ಜಿ ಇದ್ದರೆ, ಸಹಿ ಹಾಕುವ ಮೊದಲು ಒಂದು ಸಂಜೆ ಮಗುವಿನೊಡನೆ ಕುಳಿತು, ಅಂಕಪಟ್ಟಿಯನ್ನು ಬದಿಗಿಟ್ಟು, ‘ನಿನಗೆ ಈ ಕೆಲಸ ಮಾಡಲು ಮನಸ್ಸಿದೆಯೇ?’ ಎಂದು ಕೇಳಿ. ಉತ್ತರ ಯಾವುದೇ ಇರಲಿ, ಅದನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಿ.